ಕೋಳಿ ಸಾಕಣೆ ಪುಸ್ತಕದ ಬೆನ್ನಲ್ಲಿದ್ದ ಕಿವಿ

ನಮ್ಮ ಅತ್ತೆ ಇಪ್ಪತ್ತೇಳು ವರ್ಷದಿಂದ ಲೈಬ್ರರಿಯಲ್ಲಿ ಹರಿದ ಪುಸ್ತಕಗಳಿಗೆ ಬೈಂಡಿಂಗ್ ಮಾಡುತ್ತಿದ್ದಾರೆ. ಅವರ ಕೋಣೆ ಕಟ್ಟಡದ ಹಿಂಭಾಗದಲ್ಲಿ, ಸೈಕಲ್ ನಿಲ್ಲಿಸುವ ಜಾಗಕ್ಕೆ ಅಂಟಿಕೊಂಡಿದೆ. ಒಂದು ಉದ್ದನೆಯ ಮೇಜು, ಕೈಯಿಂದ ತಿರುಗಿಸುವ ಕಬ್ಬಿಣದ ಪ್ರೆಸ್ಸು, ಅಂಟು ಕಾಯಿಸುವ ಸ್ಟವ್, ಒಂದು ಕಾಲು ಗಿಡ್ಡವಾದ ಸ್ಟೂಲು, ಇಷ್ಟೇ ಅಲ್ಲಿರುವುದು. ನಾನು ಇಲ್ಲಿ ಬರೆದಿರುವುದೆಲ್ಲ ಅತ್ತೆ ಮತ್ತು ಅವರ ಗೆಳತಿ ನರ್ಸಮ್ಮ ಹೇಳಿದ್ದು. ಇಬ್ಬರೂ ಬೇರೆ ಬೇರೆ ಹೇಳಿದ ಕಡೆ ಅತ್ತೆ ಹೇಳಿದ್ದನ್ನೇ ಇಟ್ಟುಕೊಂಡಿದ್ದೇನೆ.

ಅವರ ಕೆಲಸವನ್ನು ಮೊದಲು ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಹಳೆಯ ಪುಸ್ತಕ ಬಂದರೆ ಅದರ ರಟ್ಟು ಕಿತ್ತು, ದಾರ ಕತ್ತರಿಸಿ, ಹಾಳೆಗಳನ್ನು ಕಂತೆ ಕಂತೆಯಾಗಿ ಬಿಡಿಸುತ್ತಾರೆ. ಹರಿದ ಮಡಿಕೆಗಳಿಗೆ ತೆಳು ಕಾಗದ ಹಚ್ಚಿ ಮತ್ತೆ ಹೊಲಿಯುತ್ತಾರೆ. ಹೊಲಿದ ಮೇಲೆ ಬೆನ್ನಿಗೆ ಅಂಟು ಬಳಿದು, ಎರಡು ಬೆರಳಗಲದ ಗಟ್ಟಿ ಕಾಗದದ ಪಟ್ಟಿಗಳನ್ನು ಒತ್ತುತ್ತಾರೆ. ಆ ಪಟ್ಟಿ ಇಲ್ಲದಿದ್ದರೆ ಪುಸ್ತಕ ತೆರೆದ ಕೂಡಲೇ ಬೆನ್ನು ಬಿರಿಯುತ್ತದೆ. ಕೊನೆಗೆ ಹೊಸ ರಟ್ಟು, ಅದರ ಮೇಲೆ ಕಂದು ಬಟ್ಟೆ. ಮುಂದೆ ಚಿತ್ರ, ಹಿಂದೆ ಬರೆದವರ ಫೋಟೋ ಇರುವ ಬಣ್ಣದ ಹೊದಿಕೆಯನ್ನು ಇಟ್ಟುಕೊಳ್ಳುವಂತಿಲ್ಲ. ಅದು ಹಿಂದಿನ ಲೈಬ್ರರಿಯನ್ ಮಾಡಿದ ನಿಯಮ. ಯಾಕೆ ಮಾಡಿದರೋ ಯಾರಿಗೂ ನೆನಪಿಲ್ಲ. ಆದರೆ ಅಷ್ಟು ಒಳ್ಳೆಯ ಕಾಗದವನ್ನು ಬಿಸಾಡಲು ಅತ್ತೆಗೆ ಮನಸ್ಸು ಬರುತ್ತಿರಲಿಲ್ಲ. ಉದ್ದುದ್ದ ಕತ್ತರಿಸಿ, ಮುಂದಿನ ಪುಸ್ತಕದ ಬೆನ್ನಿಗೆ ಅದನ್ನೇ ಪಟ್ಟಿ ಮಾಡುತ್ತಿದ್ದರು. ಹೀಗೆ ಆ ಲೈಬ್ರರಿಯಲ್ಲಿ ಒಂದು ಪುಸ್ತಕದ ಮುಖ ಇನ್ನೊಂದು ಪುಸ್ತಕದ ಬೆನ್ನೊಳಗಿದೆ.

ಶನಿವಾರ ಮಧ್ಯಾಹ್ನ ಪತ್ರಿಕೆ ಓದುವ ಕೋಣೆಯಲ್ಲಿ ಏಳು ಜನ ಸೇರುತ್ತಾರೆ. ನಿವೃತ್ತ ಗಣಿತದ ಮೇಷ್ಟ್ರು, ನಿವೃತ್ತ ನರ್ಸಮ್ಮ, ಬೀಗ ರಿಪೇರಿಯವರು, ಯಾವ ವಿಷಯಕ್ಕೂ ಒಟ್ಟಿಗೇ ಕೈ ಎತ್ತುವ ಅಕ್ಕ ತಂಗಿ, ಈಗಿನ ಲೈಬ್ರರಿಯನ್, ಮತ್ತು ಅತ್ತೆ. ಪುಸ್ತಕ ಇರುವುದು ಒಂದೇ ಪ್ರತಿ. ಆದ್ದರಿಂದ ಒಬ್ಬರು ಗಟ್ಟಿಯಾಗಿ ಓದುತ್ತಾರೆ, ಉಳಿದವರು ಕೇಳುತ್ತಾರೆ. ಹೀಗೆ ಸೇರತೊಡಗಿದ ಎಂಟು ವರ್ಷದಲ್ಲಿ ಅತ್ತೆ ಒಮ್ಮೆಯೂ ಓದಿರಲಿಲ್ಲ, ಒಂದು ಪುಸ್ತಕವನ್ನೂ ಸೂಚಿಸಿರಲಿಲ್ಲ. ಅವರ ಸರದಿ ಬಂದರೆ, "ನಂದು ಹೊಲಿಯೋ ಕೆಲ್ಸ, ನೀವು ಓದಿ" ಎಂದು ಮುಂದಿನವರ ಕಡೆ ಪುಸ್ತಕ ಸರಿಸುತ್ತಿದ್ದರು.

ಒಂದು ಶನಿವಾರ ನರ್ಸಮ್ಮ ಕೈಯಲ್ಲಿದ್ದ ಪುಸ್ತಕವನ್ನು ಫಟ್ಟನೆ ಮುಚ್ಚಿದರು.

"ಮೇಷ್ಟ್ರೇ, ಇಷ್ಟು ವರ್ಷ ಓದಿದ್ವಿ. ಕಪ್ಪು ಜನಾಂಗದೋರು ಬರೆದದ್ದು ಒಂದಾದ್ರೂ ಓದಿದ್ದೀವಾ?"

"ಓದಿಲ್ವಾ? ಹಡಗಿನಲ್ಲಿ ಗುಲಾಮರನ್ನ ಸಾಗಿಸ್ತಾರಲ್ಲ, ಅದು?"

"ಅದನ್ನ ಬರೆದೋನು ಹಡಗಿನ ಯಜಮಾನನ ಮೊಮ್ಮಗ. ಮುನ್ನುಡೀಲಿ ಅವನೇ ಹೇಳ್ಕೊಂಡಿದ್ದಾನೆ. ಅವರ ಬಗ್ಗೆ ಓದಿದ್ದೀವಿ ಮೇಷ್ಟ್ರೇ, ಅವರು ಬರೆದದ್ದು ಓದಿಲ್ಲ."

ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು.

ಕಪ್ಪು ಲೇಖಕರ ಮೂರು ಪುಸ್ತಕ ಓದುವುದೆಂದು ತೀರ್ಮಾನವಾಯಿತು. ಆದರೆ ಯಾವ ಮೂರು? ಲೈಬ್ರರಿಯನ್ ರಿಜಿಸ್ಟರ್ ತಂದರು. ಅದರಲ್ಲಿ ಪುಸ್ತಕದ ಹೆಸರು, ಬರೆದವರ ಹೆಸರು, ಕಪಾಟಿನ ನಂಬರು ಮಾತ್ರ ಇತ್ತು. ಬೀಗದವರು ಫೋನಿನಲ್ಲಿ ಹುಡುಕಿದರು. ಎಲ್ಲ ಹಳೆಯ ಅನುವಾದಗಳು, ಮುಚ್ಚಿಹೋದ ಪ್ರಕಾಶನಗಳು. ಒಂದು ಹೆಸರಿಗೆ ಫುಟ್‌ಬಾಲ್ ಆಟಗಾರ ಬಂದ, ಇನ್ನೊಂದಕ್ಕೆ ಬಣ್ಣದ ಅಂಗಡಿ ಬಂತು.

"ಪುಸ್ತಕದ ಹಿಂದೆ ಫೋಟೋ ಇರತ್ತಲ್ಲ?" ಎಂದು ತಂಗಿ ಕೇಳಿದಳು. ಅಕ್ಕ ತಲೆಯಾಡಿಸಿದಳು.

ಲೈಬ್ರರಿಯನ್ ಒಂದು ತೋಳು ತುಂಬ ಪುಸ್ತಕ ತಂದು ಮೇಜಿನ ಮೇಲೆ ಹಾಕಿದರು. ಎಲ್ಲವೂ ಕಂದು ಬಟ್ಟೆ.

"ಎಲ್ಲರಿಗೂ ಒಂದೇ ಯೂನಿಫಾರಂ ಹೊಲಿಸಿದ್ದಾರೆ ನೋಡಿ," ಎಂದರು ಬೀಗದವರು.

ಆರೂ ಜನ ಅತ್ತೆಯ ಕಡೆ ತಿರುಗಿದರು. ಅತ್ತೆಗೆ ನೆಲ ಬಿರಿಯಬಾರದೇ ಅನ್ನಿಸಿತಂತೆ. ಆದರೂ ಅವರ ಬಾಯಿಂದ ಆ ಮಾತು ಬಂದುಬಿಟ್ಟಿತು.

"ನಾನು ನೋಡಿದ್ದೀನಿ. ಅವರ ಮುಖ ಎಲ್ಲಾ ನೋಡಿದ್ದೀನಿ."

"ಹಾಗಾದ್ರೆ ನೀನೇ ಆರಿಸು," ಎಂದರು ನರ್ಸಮ್ಮ. "ನಾಲ್ಕು ವಾರ ಟೈಮು."

ಮನೆಗೆ ಬಂದ ಅತ್ತೆ ಚಪ್ಪಲಿಯನ್ನೂ ಬಿಚ್ಚದೆ ಕುರ್ಚಿಯಲ್ಲಿ ಕುಳಿತರು. ಮಾವ ಬಸ್ ಡ್ರೈವರ್. ಡ್ಯೂಟಿ ಮುಗಿಸಿ ಬಂದು ಕಾಲು ಚಾಚಿ ಕುಳಿತಿದ್ದರು.

"ಏನೇ, ಯಾರಾದ್ರೂ ಬೈದ್ರಾ?"

"ಬೈದಿದ್ರೆ ಚೆನ್ನಾಗಿತ್ತು. ಆರಿಸು ಅಂದ್ರು."

ಸಂಗತಿ ಕೇಳಿ ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. "ಇಪ್ಪತ್ತೇಳು ವರ್ಷ ಪುಸ್ತಕದ ಆಪರೇಷನ್ ಮಾಡಿದ್ದೀಯ, ಒಂದು ಪೇಷಂಟನ್ನಾದ್ರೂ ಮಾತಾಡಿಸಿದ್ದೀಯಾ?"

ಅತ್ತೆಗೆ ಸಿಟ್ಟು ಬಂದಿತಾದರೂ ಮಾತು ಸರಿಯಾಗಿತ್ತು. ಎಂಟು ವರ್ಷ ಬಾಯಿ ಬಿಡದವರು ಒಂದು ಸಲ ಬಿಟ್ಟಿದ್ದರು. ಅದು ಸುಳ್ಳಾದರೆ ಇನ್ನೊಮ್ಮೆ ಆ ಕೋಣೆಗೆ ಹೇಗೆ ಹೋಗುವುದು? ಅವರಿಗಿದ್ದ ಭಯ ಅದೊಂದೇ.

ಮಾರನೆಯ ದಿನದಿಂದ ಊಟದ ಬಿಡುವಿನಲ್ಲಿ ಕಪಾಟುಗಳ ನಡುವೆ ನಿಲ್ಲತೊಡಗಿದರು. ಪುಸ್ತಕವನ್ನು ಕೈಗೆ ತೆಗೆದುಕೊಂಡರೆ ಅದರ ತೂಕದಿಂದ ಹಳೆಯ ಮುಖ ನೆನಪಾಗುತ್ತದೆ ಎಂದು ಅವರು ಹೇಳುತ್ತಾರೆ. ನನಗೆ ಅದು ಹೇಗೆಂದು ಗೊತ್ತಿಲ್ಲ. ಮೊದಲನೆಯದು ಬೇಗ ಸಿಕ್ಕಿತು. ತಲೆಗೆ ಬಟ್ಟೆ ಸುತ್ತಿ, ಗಲ್ಲಕ್ಕೆ ಅಂಗೈ ಕೊಟ್ಟು ಕುಳಿತ ಒಬ್ಬ ಹೆಂಗಸು. ಅವರು ಶಾಲೆಯೊಂದರ ಬಗ್ಗೆ ಬರೆದಿದ್ದರು. ಒಳಗಿನ ಪರಿಚಯದಲ್ಲಿಯೂ ಅವರು ಯಾರ ಮಗಳು, ಯಾವ ಜನರವರು ಎಂದೆಲ್ಲ ಇತ್ತು. ಅತ್ತೆ ಅದನ್ನು ಬರೆದುಕೊಂಡರು.

ಎರಡನೆಯದಕ್ಕೆ ಹುಡುಕುವಾಗ ಗೊಂದಲ ಶುರುವಾಯಿತು. ಕಪ್ಪು ಮುಖವೆಂದು ಖಂಡಿತ ನೆನಪಿದ್ದ ಒಬ್ಬರ ಪುಸ್ತಕ ತೆರೆದರೆ, ಅವರು ವರ್ಷವಿಡೀ ಹಿಮ ಬೀಳುವ ಊರಿನ ಪಾದ್ರಿ. ಅಚ್ಚಿನವನು ಶಾಯಿ ಜಾಸ್ತಿ ಹಾಕಿದ್ದನೇ ಹೊರತು ಬೇರೇನಿಲ್ಲ. ಬಿಳಿಯ ಮುಖವೆಂದು ನೆನಪಿದ್ದ ಇನ್ನೊಬ್ಬರ ಪುಸ್ತಕವನ್ನು ಪಕ್ಕಕ್ಕಿಡುವ ಮೊದಲು, ಇರಲಿ ಎಂದು ಮುನ್ನುಡಿ ಓದಿದರು. ಅವರ ಅಜ್ಜಿಯನ್ನು ಸಂತೆಯಲ್ಲಿ ನಿಲ್ಲಿಸಿ ಮಾರಿದ್ದರಂತೆ. ಅವರಿಗೂ ಅವರ ಅಣ್ಣನಿಗೂ ಬಣ್ಣ ಬೇರೆ. ಟ್ರಾಮಿನಲ್ಲಿ ಅಣ್ಣನನ್ನು ಹಿಂದಕ್ಕೆ ಅಟ್ಟಿ ಇವರನ್ನು ಮುಂದೆ ಕೂರಿಸುತ್ತಿದ್ದರು. ಇವರು ಎದ್ದು ಹಿಂದಕ್ಕೇ ಹೋಗಿ ಕೂರುತ್ತಿದ್ದರು. "ನಾನು ಕಪ್ಪು ಮನುಷ್ಯ, ನನ್ನ ಕನ್ನಡಿ ಒಪ್ಪದಿದ್ದರೂ" ಎಂದು ಬರೆದಿದ್ದರು.

ಅತ್ತೆ ಆ ಸಾಲನ್ನು ನಿಂತುಕೊಂಡೇ ಮೂರು ಸಲ ಓದಿದರು. ಅದನ್ನು ಓದಬೇಕಾದ ಪುಸ್ತಕಗಳ ಪಟ್ಟಿಗೆ ಸೇರಿಸಿದರು. ಆದರೆ ಮುಖ ನೋಡಿದ್ದೇನೆ ಎಂದು ಎಲ್ಲರೆದುರು ಹೇಳಿದ್ದರಲ್ಲ, ಆ ನೋಡಿದ್ದಕ್ಕೆ ಈಗ ಏನು ಬೆಲೆ?

ಮೂರನೆಯದು ಅದಾಗಿಯೇ ಸಿಕ್ಕಿತು. ಬಂದರಿನ ಊರೊಂದರಲ್ಲಿ ಹೊಲಿಗೆ ಮಾಡುವ ಕಪ್ಪು ಹೆಂಗಸಿನ ಕಥೆ. ಗುಡ್ಡದ ಮೇಲೆ ಬಿಳಿಯರ ಹೋಟೆಲು. ಅದರ ಮೇಜುಗಳಿಗೆ ಹಾಸುವ ಬಟ್ಟೆಗಳನ್ನೆಲ್ಲ ಅವಳೇ ಹೊಲಿಯುತ್ತಾಳೆ, ಆದರೆ ಮುಂಬಾಗಿಲಿನಿಂದ ಒಳಗೆ ಹೋಗುವಂತಿಲ್ಲ. ಅವಳ ಮಗು ಮೇಜಿನ ಕೆಳಗೆ ಕುಳಿತು ಬಿದ್ದ ಪಿನ್ನುಗಳನ್ನು ಅಯಸ್ಕಾಂತದಿಂದ ಆರಿಸುತ್ತದೆ. ಅತ್ತೆ ಮೊದಲ ಪುಟ ನೋಡೋಣವೆಂದು ತೆರೆದವರು ಬಿಡುವು ಮುಗಿದ ಗಂಟೆಯನ್ನೂ ಕೇಳಿಸಿಕೊಳ್ಳಲಿಲ್ಲ. ಪುಸ್ತಕವನ್ನು ಮನೆಗೆ ತಂದು ಮೂರು ದಿನದಲ್ಲಿ ಮುಗಿಸಿದರು. ಹುಟ್ಟಿದ ಮೇಲೆ ಮೊದಲಿನಿಂದ ಕೊನೆಯವರೆಗೆ ಅವರು ತಾವಾಗಿ ಓದಿದ ಪುಸ್ತಕ ಅದೊಂದೇ.

"ಇದನ್ನ ಎಲ್ಲರೂ ಕೇಳ್ಬೇಕು ರೀ," ಎಂದು ಮಾವನಿಗೆ ಹೇಳಿದರು.

"ಕೇಳಿಸು. ಯಾರು ಬೇಡ ಅಂದ್ರು?"

ಬೇಡ ಎಂದವರು ಯಾರೂ ಇರಲಿಲ್ಲ. ಆದರೆ ಬರೆದವರು ಯಾರು? ಮೊದಲ ಪುಟದಲ್ಲಿ ಎರಡು ಇನಿಷಿಯಲ್ಲು, ಒಂದು ಮನೆತನದ ಹೆಸರು. ಗಂಡೋ ಹೆಣ್ಣೋ ಅದೂ ತಿಳಿಯದು. ಮುನ್ನುಡಿಯಿಲ್ಲ. ಅನುವಾದ ಮಾಡಿದವರು ತೀರಿಕೊಂಡಿದ್ದಾರೆ. ಎಷ್ಟು ಕಣ್ಣು ಮುಚ್ಚಿದರೂ ಆ ಪುಸ್ತಕದ ಹಿಂದಿದ್ದ ಮುಖ ಅತ್ತೆಗೆ ನೆನಪಾಗಲಿಲ್ಲ.

ಅವರು ನರ್ಸಮ್ಮನ ಮನೆಗೆ ಹೋದರು. ನರ್ಸಮ್ಮ ಇಸ್ತ್ರಿ ಮಾಡುತ್ತಿದ್ದರು.

"ಅಲ್ಲಕ್ಕಾ, ಕಥೆ ನಿಜ ಅನ್ನಿಸಿದ್ರೆ ಸಾಲ್ದಾ? ಯಾರು ಬರೆದ್ರೇನು?"

"ನಿನ್ನ ಬೈಂಡಿಂಗ್ ಕೋಣೆ ಬಗ್ಗೆ ಮೇಷ್ಟ್ರು ಒಂದು ಪುಸ್ತಕ ಬರೆದ್ರೆ ಓದ್ತೀಯಾ?"

"ಓದ್ತೀನಿ. ಎಲ್ಲೆಲ್ಲಿ ತಪ್ಪಿದ್ದಾರೆ ಅಂತ ನೋಡೋಕೆ."

"ನಾನು ಕೇಳ್ತಿರೋದೂ ಅದೇ. ಅವರ ಮನೆ ಕಥೇನ ಅವರ ಬಾಯಿಂದ ಕೇಳೋಣ ಅಂತ. ಪಕ್ಕದ ಮನೆಯೋರು ಹೇಳಿದ್ದು ಇಷ್ಟು ದಿನ ಕೇಳಿದ್ದಾಯ್ತು."

ಅತ್ತೆಗೆ ಅದೂ ಸರಿಯೆನಿಸಿತು. ಹೋಗುವಾಗ ಒಂದು ಅನುಮಾನ ಇತ್ತು, ಬರುವಾಗ ಎರಡಾದವು. ಮನೆಗೆ ಬಂದು ಪುಸ್ತಕವನ್ನು ಮತ್ತೆ ಓದತೊಡಗಿದರು, ಈ ಸಲ ತಪ್ಪು ಹುಡುಕುವುದಕ್ಕೆ. ಬಂದರಿನ ವಿಷಯ ಅವರಿಗೆ ಗೊತ್ತಿಲ್ಲ. ಆ ಜನರ ಬದುಕೂ ಗೊತ್ತಿಲ್ಲ. ಹೊಲಿಗೆ ಗೊತ್ತು. ಆದ್ದರಿಂದ ಸೂಜಿ ಬಂದ ಕಡೆಯೆಲ್ಲ ಬೆರಳಿಟ್ಟು ನೋಡಿದರು. ದಪ್ಪ ಬಟ್ಟೆಗೆ ಸೂಜಿ ಇಳಿಯದಿದ್ದಾಗ ಆ ತಾಯಿ ಅದನ್ನು ತಲೆಗೂದಲಿಗೆ ಒಮ್ಮೆ ಉಜ್ಜಿಕೊಳ್ಳುತ್ತಾಳೆ. ಕೂದಲಿನ ಜಿಡ್ಡಿಗೆ ಸೂಜಿ ಸಲೀಸಾಗಿ ಹೋಗುತ್ತದೆ. ಅತ್ತೆಯೂ ಹಾಗೇ ಮಾಡುತ್ತಾರೆ. ಹಾಗೆ ಮಾಡುತ್ತಾರೆಂದು ಅವರಿಗೇ ಅಷ್ಟಾಗಿ ಗೊತ್ತಿರಲಿಲ್ಲ. ದಿನವೆಲ್ಲ ಹೊಲಿದ ಮೇಲೆ ಅವಳಿಗೆ ನೋಯುವುದು ಸೂಜಿ ಹಿಡಿದ ಬಲಗೈಯಲ್ಲ, ಬಟ್ಟೆಯನ್ನು ಬಿಗಿಯಾಗಿ ಹಿಡಿದ ಎಡಗೈ. ಅದೂ ಸರಿ.

"ಬರೆದೋರಿಗೆ ಹೊಲಿಗೆ ಗೊತ್ತು," ಎಂದು ಅತ್ತೆ ಮಾವನಿಗೆ ವರದಿ ಕೊಟ್ಟರು.

"ಭೇಷ್. ನೀನು ಹುಡುಕ್ತಿದ್ದದ್ದು ಅದನ್ನಲ್ಲವಲ್ಲ."

"ಅಲ್ಲ."

ಉಳಿದಿದ್ದು ಒಂದೇ ದಾರಿ. ಯಾವ ದಿನ ಯಾವ ಪುಸ್ತಕ ಕಟ್ಟಿದ್ದೆಂದು ಬೈಂಡಿಂಗ್ ಕೋಣೆಯ ನೋಟ್‌ಬುಕ್ಕಿನಲ್ಲಿ ಇದೆ. ಹೊಲಿಗೆಯ ಕಾದಂಬರಿ ಕಟ್ಟಿ ಹದಿನಾಲ್ಕು ವರ್ಷವಾಗಿತ್ತು. ಅದರ ಹೊದಿಕೆ ಅದರ ಮುಂದಿನ ಎರಡು ಪುಸ್ತಕಗಳ ಬೆನ್ನಿಗೆ ಹೋಗಿರಬೇಕು. ಒಂದು ಪುಸ್ತಕವನ್ನು ಯಾರೋ ತೆಗೆದುಕೊಂಡು ಹೋಗಿ ಹಿಂತಿರುಗಿಸಿರಲಿಲ್ಲ. ಇನ್ನೊಂದು ಕಪಾಟಿನಲ್ಲಿಯೇ ಇತ್ತು. ಅದು ಕೋಳಿ ಸಾಕಣೆಯ ಕೈಪಿಡಿ.

ಗಟ್ಟಿಯಾಗಿದ್ದ ಪುಸ್ತಕವನ್ನು ಬಿಚ್ಚುವುದು ಅತ್ತೆಯ ಕೆಲಸದಲ್ಲಿ ದೊಡ್ಡ ತಪ್ಪು. ಬಾಗಿಲು ಮುಂದಕ್ಕೆಳೆದುಕೊಂಡು, ಕೈಪಿಡಿಯ ಬೆನ್ನಿನ ಬಟ್ಟೆಯನ್ನು ಚಾಕುವಿನ ತುದಿಯಿಂದ ಸೀಳಿದರು. ಒದ್ದೆ ಬಟ್ಟೆ ಒತ್ತಿ ಅಂಟು ನೆನೆಸಿದರು. ಪಟ್ಟಿ ಬಿಟ್ಟುಕೊಳ್ಳಲು ಅರ್ಧ ಗಂಟೆ ಹಿಡಿಯಿತು. ಹಳೆಯ ಅಂಟು ಇಳಿದು ಕಾಗದ ಚಹಾದಲ್ಲಿ ಅದ್ದಿದಂತೆ ಕಂದಾಗಿತ್ತು. ಅದರ ಮೇಲೆ ಒಂದು ಕಿವಿ, ಕೆನ್ನೆಯ ಒಂದು ಅಂಚು, ಅಂಗಿಯ ಕಾಲರಿನ ತುದಿ.

ಕೆನ್ನೆ ಕಂದು. ಕಾಲರೂ ಕಂದು. ಪಕ್ಕದಲ್ಲಿ ಬಿಳಿಯ ಜಾಗ ಇರಬೇಕಾದ ಕಡೆಯೂ ಕಂದು.

ಅತ್ತೆ ಅದನ್ನು ಕಿಟಕಿಗೆ ಹಿಡಿದು ನೋಡಿದರು, ತಲೆಕೆಳಗೆ ಮಾಡಿ ನೋಡಿದರು. ಕಿವಿಯನ್ನು ನೋಡಿ ಒಬ್ಬ ಮನುಷ್ಯನ ಬಗ್ಗೆ ಏನು ತಿಳಿಯುತ್ತದೆ? ಅಷ್ಟರಲ್ಲಿ ಇನ್ನೊಂದು ಯೋಚನೆ ಬಂತು. ಮುಖ ನೋಡಿ ತೀರ್ಮಾನ ಮಾಡುವಂತಿಲ್ಲ ಎಂದು ಎರಡನೆಯ ಪುಸ್ತಕದವರು ಅಷ್ಟು ಸ್ಪಷ್ಟವಾಗಿ ಹೇಳಿದ್ದಾರೆ. ಹಾಗಿದ್ದ ಮೇಲೆ ಇಡೀ ಮುಖ ಸಿಕ್ಕಿದ್ದರೂ ಏನು ಮಾಡುತ್ತಿದ್ದೆ? ಆ ಪ್ರಶ್ನೆ ಬಂದ ಮೇಲೆ ಅವರಿಗೆ ಕೈಪಿಡಿಯನ್ನು ಮತ್ತೆ ಅಂಟಿಸುವುದಷ್ಟೇ ತೋಚಿತು. ಅದನ್ನು ಪ್ರೆಸ್ಸಿಗೆ ಹಾಕಿ ಹ್ಯಾಂಡಲ್ ಬಿಗಿದರು.

ನಾಲ್ಕನೆಯ ಶನಿವಾರ ಬಂತು. ಅತ್ತೆ ಮೂರು ಪುಸ್ತಕಗಳನ್ನೂ ಒಂದು ಚೀಟಿಯನ್ನೂ ಹಿಡಿದು ಪತ್ರಿಕೆ ಕೋಣೆಗೆ ಹೋದರು. ಮಾತು ಮರೆತುಹೋಗದಿರಲಿ ಎಂದು ಎಲ್ಲವನ್ನೂ ಬರೆದುಕೊಂಡಿದ್ದರು.

"ಇದು ಖಂಡಿತ. ಇದೂ ಖಂಡಿತ, ಇದನ್ನ ಅವರೇ ಬರ್ಕೊಂಡಿದ್ದಾರೆ. ಇದು..." ಎಂದು ಮೂರನೆಯದನ್ನು ಮೇಜಿನ ಮೇಲೆ ಇಟ್ಟರು. "ಇದು ನಂಗೆ ತುಂಬ ಇಷ್ಟವಾದದ್ದು. ಬರೆದೋರು ಯಾರು ಅಂತ ಗೊತ್ತಾಗ್ಲಿಲ್ಲ. ಮುಖ ನೋಡಿದ್ದೀನಿ ಅಂದಿದ್ನಲ್ಲ, ಅದು ತಪ್ಪು. ನೋಡಿದ್ದೆ, ಆದ್ರೆ ನೋಡಿದ್ದು ಸಾಕಾಗಲ್ಲ. ಮತ್ತೆ ಅವೆಲ್ಲಾನೂ ನಾನೇ ಕತ್ತರಿಸಿದ್ದು."

ಇನ್ನೂ ಎರಡು ಸಾಲು ಚೀಟಿಯಲ್ಲಿದ್ದವು. ಅವರು ಚೀಟಿಯನ್ನು ಮಡಿಸಿ ಪುಸ್ತಕದ ಕೆಳಗೆ ಸರಿಸಿದರು.

"ಇಷ್ಟವಾಗಿದ್ರೆ ಹಾಕೋಣ ಬಿಡಿ," ಎಂದರು ಮೇಷ್ಟ್ರು. "ಅಲ್ಲ ಅಂತ ಸಾಬೀತಾಗೋವರ್ಗೂ ಹೌದು ಅಂತ್ಲೇ ಇಟ್ಕೊಳೋಣ."

"ಇದೇನು ಮೇಷ್ಟ್ರೇ ನಿಮ್ಮ ಗಣಿತ?" ಎಂದರು ಬೀಗದವರು. "ಕೀಲಿ ಇಲ್ದೆ ಬೀಗ ತೆಗೆದಂಗೆ."

"ನೀವು ದಿನಾ ಅದನ್ನೇ ತಾನೇ ಮಾಡೋದು?"

ಎಲ್ಲರೂ ನಕ್ಕರು, ನರ್ಸಮ್ಮ ನಗಲಿಲ್ಲ. "ಇಷ್ಟಪಟ್ಟದ್ದನ್ನ ಎಂಟು ವರ್ಷ ಓದಿದ್ದೀವಿ. ಈ ಮೂರು ಜಾಗ ಅವರಿಗೆ ಅಂತ ಇಟ್ಟಿದ್ದು. ಅದನ್ನೂ ಅನುಮಾನದ ಮೇಲೆ ಕೊಟ್ಟುಬಿಡೋದಾ?"

ಕೈ ಎತ್ತಿಸಿದರು. ಹಾಕೋಣ ಎಂದವರು ಮೇಷ್ಟ್ರು, ಅಕ್ಕ, ತಂಗಿ. ಬೇಡ ಎಂದವರು ನರ್ಸಮ್ಮ, ಬೀಗದವರು, ಲೈಬ್ರರಿಯನ್. ಮೂರಕ್ಕೆ ಮೂರು. ಉಳಿದವರು ಅತ್ತೆ.

ಅವರು ಮೂರನೆಯ ಪುಸ್ತಕವನ್ನು ತಮ್ಮ ಕಡೆಗೆ ಎಳೆದುಕೊಂಡರು. "ಬೇಡ" ಎಂದರು. ತಾವೇ ಹೊತ್ತು ತಂದ ಪುಸ್ತಕವನ್ನು ತಾವೇ ಪಟ್ಟಿಯಿಂದ ತೆಗೆದರು.

"ಅಯ್ಯೋ, ನೀವೇ ಇಷ್ಟ ಅಂದ್ರಿ!" ಎಂದಳು ತಂಗಿ.

"ಇಷ್ಟ ಅಂದೆ. ಖಂಡಿತ ಅನ್ಲಿಲ್ಲ."

ಮೊದಲು ಯಾವುದನ್ನು ಓದುವುದೆಂದು ಮೇಷ್ಟ್ರು ಅತ್ತೆಯನ್ನೇ ಕೇಳಿದರು. ಹೆಂಗಸು ಬರೆದದ್ದು, ಎಂದರು ಅತ್ತೆ. ನೋಟೀಸ್ ಬೋರ್ಡಿನಲ್ಲಿ ಎರಡು ಪುಸ್ತಕಗಳ ಹೆಸರು ಬಂತು. ಮೂರನೆಯ ನಂಬರಿನ ಮುಂದೆ ಏನೂ ಇರಲಿಲ್ಲ. ಇನ್ನೂ ಹುಡುಕುತ್ತಿದ್ದೇನೆ ಎಂದು ಅತ್ತೆ ಹೇಳಿದ್ದಕ್ಕೆ ಯಾರೂ ಬೇಡವೆನ್ನಲಿಲ್ಲ.

ಹೊರಡುವಾಗ ನರ್ಸಮ್ಮ ಹೊಲಿಗೆಯ ಕಾದಂಬರಿಯನ್ನು ಕಂಕುಳಲ್ಲಿ ಇಟ್ಟುಕೊಂಡರು.

"ಬೇಡ ಅಂದೋರು ನೀವೇ ಅಲ್ವಾ ಅಕ್ಕ?" ಎಂದು ಅತ್ತೆ ಕೇಳಿದರು.

"ಪಟ್ಟಿಗೆ ಬೇಡ ಅಂದೆ. ನಂಗೆ ಬೇಡ ಅಂದ್ನಾ?"

ಹತ್ತು ದಿನ ಕಳೆದ ಮೇಲೆ ನರ್ಸಮ್ಮ ನೇರವಾಗಿ ಬೈಂಡಿಂಗ್ ಕೋಣೆಗೆ ಬಂದರು. ಅತ್ತೆ ಒಂದು ನಿಘಂಟನ್ನು ಹೊಲಿಯುತ್ತಿದ್ದರು. ನರ್ಸಮ್ಮ ಗಿಡ್ಡ ಕಾಲಿನ ಸ್ಟೂಲಿನ ಮೇಲೆ ಓಲಾಡುತ್ತ ಕುಳಿತು ಪುಸ್ತಕ ತೆರೆದರು.

"ನೀನು ಹೊಲಿಗೆ ನೋಡ್ದೆ. ನಾನು ಹೆರಿಗೆ ನೋಡ್ದೆ. ಎರಡನೇ ಮಗು ಹುಟ್ಟೋ ಭಾಗ ಇದ್ಯಲ್ಲ, ಅದು."

"ಚೆನ್ನಾಗಿದ್ಯಲ್ಲ? ನಂಗೆ ಅಳು ಬಂತು."

"ಅಳು ಬರತ್ತೆ. ಆದ್ರೆ ತಪ್ಪು. ಮಗು ಬಂತು, ಎಲ್ಲಾ ಮುಗೀತು ಅಂತ ಬರೆದಿದ್ದಾರೆ. ಮಾಸು ಬೀಳೋದೇ ಇಲ್ಲ! ಅದು ಬೀಳದಿದ್ರೆ ಆ ತಾಯಿ ಬದುಕಲ್ಲ, ಇಲ್ಲಿ ಎದ್ದು ಕೂತು ಹಾಡು ಹೇಳ್ತಾಳೆ. ಆದ್ರೆ ಇನ್ನೊಂದು ನೋಡು. ಬಕೆಟ್ಟಿನ ಸದ್ದು, ಯಾರೋ ಹೊರಗೆ ಓಡಿ ಬರೋದು, ಮತ್ತೆ ಬಾಗಿಲು ಹಾಕ್ಕೊಳ್ಳೋದು, ಇದ್ದಕ್ಕಿದ್ದಂಗೆ ಎಲ್ಲಾ ಸುಮ್ಮನಾಗೋದು. ಅದೆಲ್ಲ ಅಷ್ಟಕ್ಕೆ ಅಷ್ಟು ಸರಿ."

ಅತ್ತೆ ಸೂಜಿಯನ್ನು ಹಾಳೆಗಳ ನಡುವೆಯೇ ಬಿಟ್ಟರು. "ಬಾಗಿಲ ಹೊರಗಿನದೆಲ್ಲ ಸರಿ."

"ಹೊರಗಿನದೆಲ್ಲ ಸರಿ, ಒಳಗಿನದು ತಪ್ಪು."

"ಹಾಗಾದ್ರೆ ಬರೆದೋರು ಮೇಜಿನ ಕೆಳಗೆ ಕೂತಿದ್ದ ಆ ಮಗುನೇ, ಅದೂ ಗಂಡುಮಗು. ಹೊರಗೆ ಕಳಿಸಿಬಿಟ್ಟಿದ್ದಾರೆ ಅವನನ್ನ."

"ಹೂಂ. ಆರೋ ಏಳೋ ವರ್ಷ ಇದ್ದಿರಬೇಕು. ಹೊಲಿಯೋವಾಗ ಹತ್ರ ಕೂರಿಸ್ಕೋತಿದ್ಲು, ಹೆರಿಗೆಗೆ ಆಚೆ ಅಟ್ಟಿದ್ಲು."

ಅಲ್ಲಿಯವರೆಗೆ ಎರಡು ಇನಿಷಿಯಲ್ಲುಗಳಾಗಿದ್ದ ಮನುಷ್ಯ ಈಗ ಬಾಗಿಲಿಗೆ ಕಿವಿ ಕೊಟ್ಟು ನಿಂತ ಹುಡುಗನಾಗಿದ್ದ. ಅತ್ತೆ ಹೇಳುವಂತೆ, ಅವನ ಕಾಲಲ್ಲಿ ಚಪ್ಪಲಿ ಇರಲಿಲ್ಲವೆಂಬುದು ಕೂಡ ಅವರಿಗೆ ಕಾಣಿಸುತ್ತಿತ್ತು. ಬಣ್ಣ ಮಾತ್ರ ಕಾಣಿಸುತ್ತಿರಲಿಲ್ಲ.

"ಅಕ್ಕ, ಅವನು ಆ ಮನೆಯೋನೇ ಅಲ್ವಾ? ಬಾಗಿಲ ಹೊರಗೆ ಅಂದ್ರೂ ಆ ಮನೆ ಬಾಗಿಲೇ ತಾನೇ?"

"ಇರಬಹುದು. ಇಲ್ಲಾ ಆ ತಾಯಿ ಬಿಳಿಯರ ಮನೇಲಿ ಹೊಲಿಯೋವಾಗ ಆ ಮನೆ ಹುಡುಗ ಅವಳ ಹತ್ರ ಕೂತಿರಬಹುದು. ಹೆರಿಗೆ ಅವನ ಸ್ವಂತ ಅಮ್ಮಂದೇ ಆಗಿರಬಹುದು. ಎರಡನ್ನೂ ಸೇರಿಸಿ ಬರೆದಿರಬಹುದು."

ಅತ್ತೆಗೆ ಈ ಎರಡನೆಯದು ಹೊಳೆದೇ ಇರಲಿಲ್ಲ. ಅವರು ಪುಸ್ತಕವನ್ನು ಕೈಗೆ ತೆಗೆದುಕೊಂಡು ಯಾವ ಪುಟ ಹುಡುಕಬೇಕೆಂದು ತಿಳಿಯದೆ ಸುಮ್ಮನೆ ಮಗುಚಿದರು.

"ಹಾಗಾದ್ರೆ ಪಟ್ಟಿಗೆ?"

"ನಂಗೆ ಕೇಳಿದ್ರೆ ಇನ್ನೂ ಬೇಡ."

"ನಂಗೂ ಬೇಡ," ಎಂದರು ಅತ್ತೆ. ಪುಸ್ತಕ ಮುಚ್ಚಿ, "ಬೇಡ ಅನ್ನೋದು ಸರಿ ಅಂತ ಯಾಕೆ ಅನ್ನಿಸ್ತಿಲ್ಲ ಅಕ್ಕ?" ಎಂದರು.

"ನಂಗೇನು ಗೊತ್ತು ಮಾರಾಯ್ತಿ," ಎಂದು ನರ್ಸಮ್ಮ ಸ್ಟೂಲನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು. "ಕೊಡು ಇಲ್ಲಿ. ಅವನು ಬಂದರಿಗೆ ಹೋಗೋ ಭಾಗ ಎಲ್ಲಿದೆ ತೆಗಿ, ಒಟ್ಟಿಗೆ ನೋಡೋಣ."